ಅಂಗಡಿಯೊಳಗೆ ಕಂದು, ಬಾಗಿಲಲ್ಲಿ ಕೆಂಪು

ರೇಷ್ಮೆ ಸೀರೆ ಕೊಳ್ಳಲು ಬಂದವರು ಮೆಚ್ಚಿದ ಸೀರೆಯನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುತ್ತಾರೆ. ಒಳಗೆ ಕಣ್ಣು ಕುಕ್ಕುವಷ್ಟು ದೀಪಗಳಿದ್ದರೂ ಅವರಿಗೆ ನಂಬಿಕೆ ಸಾಲದು. ಅವರ ಅನುಮಾನವೇ ಸರಿ. ‘ದೀಪ ಹೆಚ್ಚಿದಷ್ಟೂ ಸರಕು ಚೆನ್ನಾಗಿ ಕಾಣುತ್ತದೆ’ ಎಂಬ ಮಾಲೀಕರ ಎಣಿಕೆಯೇ ತಪ್ಪು.

ಸಾಮಾನ್ಯ ಎಲ್‌ಇಡಿಯೊಳಗಿನ ಚಿಪ್ ಸೂಸುವುದು ನೀಲಿ ಬೆಳಕನ್ನು. ಅದರ ಮೇಲೆ ಬಳಿದ ಫಾಸ್ಫರ್ ಒಂದಷ್ಟು ನೀಲಿಯನ್ನು ಹಳದಿಯಾಗಿಸುತ್ತದೆ. ಎರಡೂ ಬೆರೆತಾಗ ಕಣ್ಣಿಗೆ ಬಿಳಿ ಎನಿಸುತ್ತದೆ. ಅಗ್ಗದ ದೀಪಗಳ ಈ ಬಿಳಿಯಲ್ಲಿ ಗಾಢ ಕೆಂಪಿನ ಪಾಲು ತೀರ ಕಡಿಮೆ. ಮೇಲೆ ಬೀಳದ ಬಣ್ಣವನ್ನು ಬಟ್ಟೆ ಎಲ್ಲಿಂದ ತಂದು ತೋರಿಸೀತು? ಕುಂಕುಮಗೆಂಪು ಕಂದಿದಂತೆ ಕಾಣುತ್ತದೆ. ಅಂಥ ದೀಪಗಳನ್ನು ಎಷ್ಟು ಹಾಕಿದರೂ ಅಷ್ಟೇ.

‘ಪೆಟ್ಟಿಗೆಯ ಮೇಲೆ ಸಿಆರ್‌ಐ 80 ಎಂದಿದ್ದರೆ ಸಾಕು’ ಎನ್ನುವವರೂ ಇದ್ದಾರೆ. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುವ ಈ ಅಂಕ 8 ಮೆಲುಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಎಂಬ ಬೇರೆಯೇ ಅಂಕವಿದೆ. ಸೀರೆಯ ವಿಭಾಗಕ್ಕೆ ಸಿಆರ್‌ಐ 90 ದಾಟಿದ, ಆರ್9 ಕೂಡ 50ಕ್ಕಿಂತ ಮೇಲಿರುವ ದೀಪಗಳನ್ನೇ ಕೇಳಿ ತರಬೇಕು. ಬೆಲೆ ಹೆಚ್ಚು, ಆದರೆ ಅದು ಆ ಒಂದು ವಿಭಾಗಕ್ಕೆ ಮಾತ್ರ. ಗೋದಾಮಿಗೆ 80 ಧಾರಾಳ ಸಾಕು.

6500 ಕೆಲ್ವಿನ್‌ನ ಅಚ್ಚ ಬಿಳಿ ಬೆಳಕು 3000ದ ಹಳದಿಗಿಂತ ಪ್ರಖರ ಎಂಬುದೂ ತಪ್ಪು. ಕೆಲ್ವಿನ್ ಹೇಳುವುದು ಬೆಳಕಿನ ಛಾಯೆಯನ್ನು. ಪ್ರಮಾಣ ಬೇಕಿದ್ದರೆ ಲ್ಯೂಮೆನ್ ನೋಡಬೇಕು.

ಇನ್ನು ಕಚೇರಿಗಳಲ್ಲಿ ‘ಇಡೀ ಮಹಡಿಗೆ ಒಂದೇ ಸಾಲು ಪ್ಯಾನೆಲ್ ದೀಪ’ ಎಂಬ ಅಭ್ಯಾಸ. ಮೇಲ್ಮೈ ಮೇಲೆ ಬೀಳುವ ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ಓದುಬರಹದ ಮೇಜಿಗೆ 300ರಿಂದ 500 ಲಕ್ಸ್ ಬೇಕು, ಓಡಾಡುವ ಪಡಸಾಲೆಗೆ 100 ಸಾಕು. ಕಂಪ್ಯೂಟರ್ ಪರದೆಯಲ್ಲಿ ಪ್ರತಿಫಲಿಸುವಂತೆ ಹಾಕಿದ ಪ್ಯಾನೆಲ್ ಕೆಲಸಗಾರರಿಗೆ ದಿನವಿಡೀ ತಲೆನೋವು.

ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಂಬಿಕೆ ಪೂರ್ತಿ ತಲೆಕೆಳಗು. ‘ಹಗಲಲ್ಲಿ ಪ್ರವೇಶದ ಬಳಿ ದೀಪ ಯಾಕೆ?’ ಎಂದು ಆರಿಸಿಬಿಡುತ್ತಾರೆ. ಹೊರಗಿನ ಬಿಸಿಲು ಹತ್ತಾರು ಸಾವಿರ ಲಕ್ಸ್. ಅಲ್ಲಿಂದ ಒಮ್ಮೆಲೇ ಕತ್ತಲಿಗೆ ಇಳಿದ ಚಾಲಕನ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಅಷ್ಟರಲ್ಲಿ ಎದುರಿಗೆ ನಡೆದು ಬರುವವರು ಕಾಣುವುದೇ ಇಲ್ಲ. ಆದ್ದರಿಂದ ಇಳಿಜಾರಿನ ಬಾಯಲ್ಲಿ ರಾತ್ರಿಗಿಂತ ಹಗಲಲ್ಲೇ ಹೆಚ್ಚು ಬೆಳಕು ಬೇಕು; ಒಳಕ್ಕೆ ಹೋದಂತೆ ಅದು ಹಂತಹಂತವಾಗಿ ಇಳಿಯಬೇಕು.

‘ಕರೆಂಟು ಹೋದರೆ ಜನರೇಟರ್ ಇದೆಯಲ್ಲ’ ಎಂದು ಮೆಟ್ಟಿಲನ್ನು ಮರೆಯುವುದು ಇವೆಲ್ಲಕ್ಕಿಂತ ಅಪಾಯದ್ದು. ಅದು ಶುರುವಾಗುವ ಆ ಕೆಲವು ಕ್ಷಣಗಳಲ್ಲೂ ಜನ ಇಳಿಯುತ್ತಲೇ ಇರುತ್ತಾರೆ, ಬೆಂಕಿ ಬಿದ್ದಾಗಲಂತೂ ನುಗ್ಗುತ್ತಾರೆ. ಮೆಟ್ಟಿಲು ಮತ್ತು ಹೊರದಾರಿಯ ದೀಪಗಳಿಗೆ ತಮ್ಮದೇ ಬ್ಯಾಟರಿ ಇರಲಿ. ತಿಂಗಳಿಗೊಮ್ಮೆ ಕರೆಂಟು ತೆಗೆದು, ಅವು ಹತ್ತುತ್ತವೆಯೇ ಎಂದು ಪರೀಕ್ಷಿಸಿ.