ತಾರಸಿಯಿಂದ ಇಳಿಯುವ ಚಳಿ

ಬೆಂಗಳೂರಿನ ಕಗ್ಗದಾಸಪುರದ ಓದುಗರೊಬ್ಬರ ಪ್ರಶ್ನೆ ಇದು: ‘ನಮ್ಮದು ಮೂರನೇ ಮಹಡಿ, ಮೇಲೆ ಬರೀ ತಾರಸಿ. ಡಿಸೆಂಬರ್ ಬಂತೆಂದರೆ ಬೆಳಗಿನ ಜಾವ ಮಲಗುವ ಕೋಣೆ ಕೊರೆಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ. ಕರೆಂಟ್ ಉಳಿಸುವ ರೂಂ ಹೀಟರ್ ಎಂದು ಅಂಗಡಿಯಲ್ಲಿ ಒಂದನ್ನು ತೋರಿಸಿದರು. ಕೊಳ್ಳಬಹುದೇ?’

ಬೆಂಗಳೂರಿನಲ್ಲೂ ಒಂದು ಚಳಿಯೇ ಎಂದು ಉತ್ತರ ಭಾರತದವರು ಕೇಳಿಯಾರು. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಕನಿಷ್ಠ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್. ಕೆಲವು ರಾತ್ರಿ 12ರ ಆಸುಪಾಸಿಗೆ ಇಳಿಯುವುದುಂಟು. ನಗರದ ದಾಖಲೆ 7.8 ಡಿಗ್ರಿ, ಅದು 1884ರ ಜನವರಿ 13ರದು. ಅಂಕಿಗಳು ಸೌಮ್ಯವಾಗಿಯೇ ಇವೆ. ಆದರೆ ನಮ್ಮ ಮನೆಗಳನ್ನು ಚಳಿಗೆಂದು ಯಾರೂ ಕಟ್ಟಿಲ್ಲ. ಆರು ಇಂಚಿನ ಬ್ಲಾಕ್ ಗೋಡೆ, ಐದು ಇಂಚಿನ ಆರ್‌ಸಿಸಿ, ಮುಚ್ಚಲಾಗದ ವೆಂಟಿಲೇಟರ್, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಎಪ್ಪತ್ತು ದಾಟಿದ ದೇಹಕ್ಕೆ ಇಂಥ ಕೋಣೆಯಲ್ಲಿ ಬೆಳಗಿನ ನಾಲ್ಕು ಗಂಟೆ ನಿಜಕ್ಕೂ ಕಷ್ಟದ ಹೊತ್ತು.

ಮೊದಲು ‘ಕರೆಂಟ್ ಉಳಿಸುವ’ ಹೀಟರ್ ವಿಷಯ. ಆಯಿಲ್ ತುಂಬಿದ್ದು, ಸೆರಾಮಿಕ್, ಹ್ಯಾಲೋಜನ್, ಬ್ಲೋವರ್ ಎಂದು ಏನೇ ಹೆಸರಿರಲಿ, ಕಾಯಿಲ್‌ನಿಂದ ಕಾಯುವ ಯಾವ ಹೀಟರ್ ಆದರೂ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವನ್ನೇ ಕೊಡುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಂಟುನೂರು ರೂಪಾಯಿಯದೂ ಅಷ್ಟೇ, ಎಂಟು ಸಾವಿರದ್ದೂ ಅಷ್ಟೇ. ಥರ್ಮೋಸ್ಟಾಟ್ ಇದ್ದರೆ ಕೋಣೆ ಬೆಚ್ಚಗಾದಾಗ ಅದು ತಾನೇ ಆರುತ್ತದೆ. ಎಣ್ಣೆಯದ್ದು ಆರಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಹಿಡಿದಿರುತ್ತದೆ. ಹ್ಯಾಲೋಜನ್ ಎದುರಿಗಿರುವವರನ್ನು ನೇರವಾಗಿ ಕಾಯಿಸುತ್ತದೆ. ವ್ಯತ್ಯಾಸ ಇಷ್ಟೇ. ಶೇಕಡಾ ಇಷ್ಟು ಉಳಿತಾಯ ಎಂದು ಡಬ್ಬಿಯ ಮೇಲೆ ಅಚ್ಚಾಗಿರುವುದನ್ನು ನಂಬಬೇಡಿ.

ಕೋಣೆಯ ಶಾಖ ಎಲ್ಲಿಗೆ ಹೋಗುತ್ತಿದೆ ಎಂಬುದೇ ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಜನವರಿಯ ಒಂದು ಬೆಳಿಗ್ಗೆ ಆರು ಗಂಟೆಗೆ ಬೀದಿಗೆ ಬಂದು ನಿಲ್ಲಿಸಿದ ಸ್ಕೂಟರ್‌ಗಳನ್ನು ನೋಡಿ. ಬಯಲಲ್ಲಿ ನಿಂತ ಸ್ಕೂಟರಿನ ಸೀಟು ಇಬ್ಬನಿಯಿಂದ ತೊಯ್ದಿರುತ್ತದೆ. ನಾಲ್ಕು ಹೆಜ್ಜೆ ಆಚೆ ಹೊಂಗೆ ಮರದ ಕೆಳಗೋ ಬಾಲ್ಕನಿಯ ಕೆಳಗೋ ನಿಂತದ್ದರ ಸೀಟು ಒಣಗಿರುತ್ತದೆ. ಎರಡರ ಸುತ್ತಲೂ ಇರುವುದು ಅದೇ ಗಾಳಿ, ಅದೇ ತೇವಾಂಶ. ಹಾಗಿದ್ದೂ ಒಂದು ಮಾತ್ರ ಅಷ್ಟು ತಣ್ಣಗಾಗಿದ್ದೇಕೆ?

ಇದನ್ನು ಬಿಡಿಸಿ ಹೇಳಿದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಅವರು ತೂಕ ಮಾಡಿದ ಉಣ್ಣೆಯ ಚಿಕ್ಕ ಚಿಕ್ಕ ಎಳೆಗಂಟುಗಳನ್ನು ರಾತ್ರಿ ತೋಟದಲ್ಲಿಟ್ಟು, ಬೆಳಿಗ್ಗೆ ಮತ್ತೆ ತೂಗುತ್ತಿದ್ದರು. ಬಯಲಿಗೆ ಬಿಟ್ಟ ಉಣ್ಣೆ ಇಬ್ಬನಿ ಹೀರಿ ಭಾರವಾಗುತ್ತಿತ್ತು, ಹಲಗೆಯ ಅಡಿಯಲ್ಲಿಟ್ಟದ್ದು ಅಷ್ಟು ಭಾರವಾಗುತ್ತಿರಲಿಲ್ಲ. ಇಬ್ಬನಿ ಆಕಾಶದಿಂದ ಬೀಳುತ್ತದೆಂದೋ ನೆಲದಿಂದ ಏಳುತ್ತದೆಂದೋ ಪಂಡಿತರು ವಾದಿಸುತ್ತಿದ್ದ ಕಾಲ ಅದು. ವೆಲ್ಸ್ 1814ರಲ್ಲಿ ಪ್ರಕಟಿಸಿದ ಪ್ರಬಂಧ ಆ ವಾದವನ್ನು ಮುಗಿಸಿತು. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ಮುಖ ಮಾಡಿದ ಪ್ರತಿ ವಸ್ತುವೂ ತನ್ನ ಶಾಖವನ್ನು ವಿಕಿರಣವಾಗಿ ಮೇಲಕ್ಕೆ ಕಳಿಸುತ್ತದೆ, ಮೇಲಿನಿಂದ ವಾಪಸು ಬರುವುದು ಕಡಿಮೆ. ಹಾಗಾಗಿ ಅದು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಇಬ್ಬನಿ ಕೂರುವುದು ಆಮೇಲೆ.

ಆ ಸ್ಕೂಟರ್ ಸೀಟಿಗೆ ಆದದ್ದೇ ನಿಮ್ಮ ತಾರಸಿಗೂ ಆಗುತ್ತದೆ. ಹಗಲಿನ ಬಿಸಿಲನ್ನು ಕುಡಿದ ಕಾಂಕ್ರೀಟು ರಾತ್ರಿ ಊಟದ ಹೊತ್ತಿಗೂ ಒಳಗೆ ಬೆಚ್ಚಗೇ ಇರುತ್ತದೆ. ನಡುರಾತ್ರಿ ದಾಟಿದ ಮೇಲೆ ಕೂಡಿಟ್ಟದ್ದೆಲ್ಲ ಆಕಾಶಕ್ಕೆ ಖರ್ಚಾಗಿ, ಬೆಳಗಿನ ಜಾವ ಸೂರೇ ಕೋಣೆಯ ಅತಿ ತಣ್ಣನೆಯ ಭಾಗವಾಗುತ್ತದೆ. ಮಲಗಿದವರ ಮುಖ, ಕೈಗಳ ಶಾಖ ಆ ಸೂರಿನತ್ತ ಹೋಗುತ್ತದೆ. ಗೋಡೆಯ ಥರ್ಮಾಮೀಟರ್ 19 ತೋರಿಸುತ್ತಿದ್ದರೂ ಮೈ ನಡುಗುವುದು ಅದಕ್ಕೇ. ಕೆಳಗಿನ ಮಹಡಿಯವರಿಗೆ ಈ ತೊಂದರೆ ಅಷ್ಟಿಲ್ಲ.

ಆದ್ದರಿಂದ ಹೀಟರಿನ ದುಡ್ಡನ್ನು ಮೊದಲು ತಾರಸಿಗೆ ಹಾಕಿ ಎಂಬುದು ನನ್ನ ಸಲಹೆ. ಬಟ್ಟೆ ಒಣಗಿಸಲೆಂದು ಈಗ ಎಷ್ಟೋ ಮನೆಗಳು ತಾರಸಿಯ ಮೇಲೆ ಶೀಟ್ ಹಾಕಿಸುತ್ತವೆ. ಆ ಶೀಟ್ ಇದ್ದರೆ ಆಕಾಶವನ್ನು ನೋಡುವುದು ಅದು, ತಾರಸಿಯಲ್ಲ. ಬೇಸಿಗೆಯ ಬಿಸಿಲಿಗೂ ಅದೇ ತಡೆ. ಅದಾಗದಿದ್ದರೆ ಮಲಗುವ ಕೋಣೆಗೊಂದು ಫಾಲ್ಸ್ ಸೀಲಿಂಗ್, ಅದರ ಮೇಲೆ ಥರ್ಮೋಕೋಲ್ ಅಥವಾ ಗ್ಲಾಸ್‌ವೂಲ್ ಪದರ. ಬಿಳಿ ಬಣ್ಣ ಬಳಿಯುವುದು ಏಪ್ರಿಲ್‌ಗೆ ಬಹಳ ಒಳ್ಳೆಯದು, ಚಳಿಗಾಲಕ್ಕೆ ಉಪಯೋಗವಿಲ್ಲ: ಹಗಲಿನ ಬಿಸಿಲನ್ನೂ ಹಿಂದಕ್ಕೆ ಕಳಿಸುತ್ತದೆ, ರಾತ್ರಿಯ ನಷ್ಟವನ್ನೂ ತಡೆಯುವುದಿಲ್ಲ. ಬಾಗಿಲ ಸಂದಿಗೆ ಪಟ್ಟಿ, ಕಿಟಕಿಗೆ ದಪ್ಪ ಪರದೆ ಹಾಕುವುದು ಒಂದು ಭಾನುವಾರದ ಕೆಲಸ.

ಇಷ್ಟಾದ ಮೇಲೂ ಚಳಿ ಎನ್ನಿಸಿದರೆ ಕೋಣೆಯನ್ನು ಬಿಟ್ಟು ಮನುಷ್ಯರನ್ನು ಬೆಚ್ಚಗಿಡಿ. ಒಂದು ಕಿಲೋವಾಟ್ ಹೀಟರ್ ರಾತ್ರಿ ಎಂಟು ತಾಸು ಉರಿದರೆ ಎಂಟು ಯೂನಿಟ್. ಎರಡು ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ, ಕಂಬಳಿಯೊಳಗೆ ಕಾಲ ಬಳಿ ಇಡಲು ಬೇಕಾಗುವುದು ಸುಮಾರು 0.12 ಯೂನಿಟ್. ಅಂದರೆ ಎಪ್ಪತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು.

ವಿದ್ಯುತ್ತಿನಿಂದಲೇ ಕೋಣೆ ಕಾಯಿಸಬೇಕೆಂದಿದ್ದರೆ ಹೀಟ್ ಪಂಪ್ ಇದೆ. 1852ರಲ್ಲೇ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಕಾಗದದ ಮೇಲೆ ಇದರ ಲೆಕ್ಕ ಹಾಕಿದ್ದರು. ಬೋರ್‌ವೆಲ್ ಮೋಟರನ್ನು ನೆನೆಸಿಕೊಳ್ಳಿ. ಅದು ನೀರನ್ನು ತಯಾರಿಸುವುದಿಲ್ಲ, ಕೆಳಗಿರುವ ನೀರನ್ನು ಮೇಲೆತ್ತುತ್ತದೆ, ಅಷ್ಟೇ. ಇನ್ನೂರು ಅಡಿಯಲ್ಲಿ ನೀರಿದ್ದರೆ ಬಿಲ್ ಕಡಿಮೆ. ಸಾವಿರ ಅಡಿಗೆ ಇಳಿದರೆ ಅದೇ ಟ್ಯಾಂಕ್ ತುಂಬಲು ಕರೆಂಟ್ ಎಷ್ಟೋ ಪಟ್ಟು ಬೇಕು. ಹೀಟ್ ಪಂಪ್ ಸಹ ಹಾಗೆಯೇ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆತ್ತಿ ಹಾಕುತ್ತದೆ. ಇಲ್ಲಿ ಆಳವೆಂದರೆ ಒಳಗಿನ, ಹೊರಗಿನ ಉಷ್ಣಾಂಶದ ಅಂತರ. ಮೈನಸ್ 15ರ ಊರಿನಲ್ಲಿ ಅದು ಬಲು ಆಳದ ಬಾವಿ. ಬೆಂಗಳೂರಿನ 14 ಡಿಗ್ರಿಯಲ್ಲಿ ಕೈಗೆಟುಕುವ ಬಾವಿ. ಹಾಗಾಗಿ ಒಂದು ಯೂನಿಟ್ ಕೊಟ್ಟರೆ ಮೂರರಿಂದ ನಾಲ್ಕು ಯೂನಿಟ್ ಶಾಖ ಬರುತ್ತದೆ. ‘ಹಾಟ್ ಅಂಡ್ ಕೋಲ್ಡ್’ ಎಂದು ಮಾರುವ ಇನ್ವರ್ಟರ್ ಎಸಿ ಇದೇ ಯಂತ್ರ. ಬೇಸಿಗೆಗೆ ಎಸಿ ಹೇಗೂ ಕೊಳ್ಳುವವರಿದ್ದರೆ ಇದನ್ನೇ ಕೊಳ್ಳಿ. ಚಳಿಗೆಂದು ಮಾತ್ರ ಬೇಡ.

ಏಕೆಂದರೆ ನಮ್ಮ ಊರಿನಲ್ಲಿ ಶಾಖದ ದೊಡ್ಡ ಖರ್ಚು ಕೋಣೆಯದ್ದಲ್ಲ, ಬಚ್ಚಲಿನದು. ನೂರು ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ತರಲು ಹೆಚ್ಚುಕಡಿಮೆ ಮೂರು ಯೂನಿಟ್, ಅದೂ ಬಹುತೇಕ ಮನೆಗಳಲ್ಲಿ ವರ್ಷವಿಡೀ. ಕಗ್ಗದಾಸಪುರ ಹಳ್ಳಿಯಾಗಿದ್ದ ಕಾಲದಲ್ಲಿ ಈ ಕೆಲಸ ಹಂಡೆ ಮತ್ತು ಸೌದೆಯದಾಗಿತ್ತು. ಆ ಸೌದೆ ಉಳಿಸಲೆಂದೇ ತಲೆಕೆಡಿಸಿಕೊಂಡವರು ಇದೇ ಊರಿನಲ್ಲಿದ್ದರು: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದವರು. ಅಸ್ತ್ರ ಒಲೆ ಕರ್ನಾಟಕದ ಹಳ್ಳಿಹಳ್ಳಿಗೆ ಹೋಯಿತು. ಆ ತಂಡಕ್ಕೆ ನಮ್ಮಲ್ಲಿ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲವೆಂಬುದು ನನ್ನ ಅನಿಸಿಕೆ.

ಇಂದಿನ ಹಂಡೆ ತಾರಸಿಯ ಮೇಲಿದೆ: ಸೋಲಾರ್ ಹೀಟರ್. ಮೂವತ್ತು-ನಲವತ್ತರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗುವಂತೆ ಎದ್ದ ಮನೆಗಳಿಗೆ ದಕ್ಷಿಣದ ಕಿಟಕಿಯಿದ್ದರೂ ಬಿಸಿಲು ಬೀಳದು. ಬಿಸಿಲು ಉಳಿದಿರುವುದು ತಾರಸಿಯಲ್ಲಿ ಮಾತ್ರ. ಸೋಲಾರ್ ಹೀಟರ್‌ನ ಕತೆ ಶುರುವಾಗುವುದು 1767ರಲ್ಲಿ, ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಗಾಜು ಮುಚ್ಚಿದ ಪೆಟ್ಟಿಗೆಯೊಳಗೆ ನೀರು ಕುದಿಯುವುದಕ್ಕಿಂತ ಹೆಚ್ಚಿನ ಉಷ್ಣಾಂಶ ಪಡೆದಾಗ. 1891ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಕ್ಲಾರೆನ್ಸ್ ಕೆಂಪ್ ಅಂಥ ಪೆಟ್ಟಿಗೆಯಲ್ಲಿ ನೀರಿನ ಟ್ಯಾಂಕ್ ಇಟ್ಟು ಪೇಟೆಂಟ್ ಪಡೆದರು. ಸಂಜೆ ಬಿಸಿ ನೀರು ಸಿಗುತ್ತಿತ್ತು, ಬೆಳಿಗ್ಗೆಗೆ ತಣ್ಣಗಾಗುತ್ತಿತ್ತು. ಬೆಳಿಗ್ಗೆ ಎದ್ದು ಸ್ನಾನ ಮಾಡುವ ನಮಗೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಬಿಸಿಲು ಹಿಡಿಯುವ ಕೊಳವೆಗಳನ್ನು ಕೆಳಗೂ, ಶಾಖ ಸೋರದಂತೆ ಹೊದಿಸಿದ ಟ್ಯಾಂಕನ್ನು ಮೇಲೂ ಇಟ್ಟರು. ಬಿಸಿ ನೀರು ಹಗುರವಾಗಿ ತಾನೇ ಮೇಲೇರುತ್ತದೆ, ತಣ್ಣೀರು ಇಳಿಯುತ್ತದೆ, ಪಂಪ್ ಬೇಕಿಲ್ಲ. ನಮ್ಮ ತಾರಸಿಗಳಲ್ಲಿರುವುದು ಇಂದಿಗೂ ಬೈಲಿಯ ಆ ಏರ್ಪಾಟೇ. 2007ರಲ್ಲಿ ರಾಜ್ಯ ಸರ್ಕಾರ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿದ ಮೇಲೆ ಬೆಂಗಳೂರಿನ ತಾರಸಿಗಳ ರೂಪವೇ ಬದಲಾಯಿತು.

ಹಾಕಿಸುವವರಿಗೆ ಎರಡು ಮಾತು. ಪೂರ್ವ ಬೆಂಗಳೂರಿನ ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ, ಗಾಜಿನ ಕೊಳವೆಯ ಮಾದರಿ ಇದಕ್ಕೆ ವಾಸಿ. ಇನ್ನು, ತಾರಸಿಯಿಂದ ನೆಲಮಹಡಿಗೆ ಹದಿನೈದು ಮೀಟರ್ ಮುಕ್ಕಾಲು ಇಂಚಿನ ಪೈಪ್ ಇದ್ದರೆ ಅದರೊಳಗೆ ನಾಲ್ಕು ಲೀಟರಿಗಿಂತ ಹೆಚ್ಚು ನೀರು ನಿಂತಿರುತ್ತದೆ. ಪ್ರತಿ ಸಲ ಅಷ್ಟನ್ನು ತಣ್ಣಗೆ ಹರಿಯಬಿಟ್ಟ ಮೇಲೇ ಬಿಸಿ ಬರುವುದು. ಅದನ್ನು ಬಕೆಟ್ಟಿಗೆ ಹಿಡಿದಿಡಿ, ಪೈಪಿಗೆ ಇನ್ಸುಲೇಶನ್ ತೋಳು ತೊಡಿಸಿ. ಅಪಾರ್ಟ್‌ಮೆಂಟಿನಲ್ಲಿ ತಾರಸಿ ಎಲ್ಲರಿಗೂ ಸಾಲದಿದ್ದರೆ ನೀರು ಕಾಯಿಸುವ ಹೀಟ್ ಪಂಪನ್ನು ಸಂಘದ ವತಿಯಿಂದ ಹಾಕಿಸಬಹುದು.

ಕೊನೆಯದಾಗಿ, ಓದುಗರು ಕೇಳದಿದ್ದರೂ ಹೇಳಲೇಬೇಕಾದ ವಿಷಯವೊಂದಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದವರು, ಗ್ಯಾಸ್ ಗೀಸರ್ ಹಚ್ಚಿ ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿದವರು ಸತ್ತ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆ ಸುತ್ತುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಚಿಲಕ ತೆಗೆಯಲು ಕೈಗೆ ಶಕ್ತಿ ಇರುವುದಿಲ್ಲ. ನಿಮ್ಮ ಮನೆಯ ಗ್ಯಾಸ್ ಗೀಸರ್ ಬಚ್ಚಲೊಳಗಿದ್ದರೆ ಈ ವಾರವೇ ಅದನ್ನು ಗಾಳಿಯಾಡುವ ಬಾಲ್ಕನಿಗೆ ಸಾಗಿಸಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಈಗಲೇ ಫೋನ್ ಮಾಡಿ ಕೇಳಿ.