‘ಹಚ್ಚು’ವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಾತಿನಲ್ಲಿ ‘ಹಚ್ಚು’ ಎಂಬ ಕ್ರಿಯಾಪದಕ್ಕೆ ಬಿಡುವೇ ಇಲ್ಲ. ಅಲ್ಲಿಯವರು ದೀಪ ಹಚ್ಚುತ್ತಾರೆ, ಗಿಡ ಹಚ್ಚುತ್ತಾರೆ, ಗಾಯಕ್ಕೆ ಮುಲಾಮು ಹಚ್ಚುತ್ತಾರೆ, ಬೀಗರಿಗೆ ಫೋನು ಹಚ್ಚುತ್ತಾರೆ, ಮಗನನ್ನು ಸಾಲಿಗೂ ಹಚ್ಚುತ್ತಾರೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಐದು ಬೇರೆ ಬೇರೆ ಕ್ರಿಯಾಪದಗಳು ಬೇಕು. ದೀಪಕ್ಕೆ ‘ಲೈಟ್’, ಗಿಡಕ್ಕೆ ‘ಪ್ಲಾಂಟ್’, ಮುಲಾಮಿಗೆ ‘ಅಪ್ಲೈ’, ಫೋನಿಗೆ ‘ಕಾಲ್’, ಸಾಲಿಗೆ ‘ಎನ್‌ರೋಲ್’. ಇದರ ಜೋಡಿಪದ ‘ಹತ್ತು’ ಕೂಡ ಹಾಗೆಯೇ. ಬೆಂಕಿ ಹತ್ತುತ್ತದೆ, ನಿದ್ದಿ ಹತ್ತುತ್ತದೆ, ಜನ ಬಸ್ಸು ಹತ್ತುತ್ತಾರೆ. ಇಂಗ್ಲಿಷಿನವನು ಬೆಂಕಿಯನ್ನು ‘ಹಿಡಿಯುತ್ತಾನೆ’, ನಿದ್ದೆಗೆ ‘ಬೀಳುತ್ತಾನೆ’.

ಇಂಥ ಕಡೆ ತಪ್ಪಿದ ವಿದ್ಯಾರ್ಥಿಯ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತದೆ. ‘ಈ ಭಾಗದ ಮಕ್ಕಳಿಗೆ ಇಂಗ್ಲಿಷ್ ತಲೆಗೆ ಹೋಗುವುದಿಲ್ಲ’ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಆದರೆ ಭಾಷೆ ಕಲಿಯುವ ಶಕ್ತಿ ಈ ಸೀಮೆಯವರಿಗೆ ಇಲ್ಲವೆನ್ನಲು ಯಾವ ಆಧಾರವೂ ಇಲ್ಲ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನದ ನೆಲ; ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಸಂತೆಯಲ್ಲಿ ದಖನಿ ಉಳಿಯಿತು. ಆಳಂದ, ಅಫಜಲಪುರದ ಗಡಿಯಾಚೆ ಅಕ್ಕಲಕೋಟೆ, ಸೊಲ್ಲಾಪುರ. ಆ ಕಡೆಯಿಂದ ಮರಾಠಿ. ಮನೆಯಲ್ಲಿ ಕನ್ನಡ ಆಡಿ, ಪೇಟೆಯಲ್ಲಿ ದಖನಿ ಆಡಿ, ಗಾಣಗಾಪುರದ ದತ್ತನ ದರ್ಶನಕ್ಕೆ ಬಂದವರೊಡನೆ ಮರಾಠಿ ಆಡುವವರಿಗೆ ಇಲ್ಲಿ ಬರವಿಲ್ಲ. ಇದಕ್ಕಾಗಿ ಅವರಾರೂ ವ್ಯಾಕರಣ ಓದಿದವರಲ್ಲ.

ಹಾಗಾದರೆ ನಾಲ್ಕನೆಯ ಭಾಷೆ ಏಕೆ ಕಾಡುತ್ತದೆ? ಉತ್ತರ ಆ ಮೂರು ಭಾಷೆಗಳಲ್ಲೇ ಇದೆ. ‘ಹಚ್ಚು’ವಿನ ಕೆಲಸವನ್ನು ಮರಾಠಿಯಲ್ಲಿ ‘ಲಾವಣೆ’, ದಖನಿಯಲ್ಲಿ ‘ಲಗಾನಾ’ ಮಾಡುತ್ತವೆ. ಗಿಡ, ಮುಲಾಮು, ಫೋನು ಎಲ್ಲಕ್ಕೂ ಅದೊಂದೇ ಸಾಕು. ಬೆಂಕಿ, ನಿದ್ದೆಗಳಿಗೆ ‘ಹತ್ತು’ ಇದ್ದಂತೆ ಅಲ್ಲಿ ‘ಲಾಗಣೆ’, ‘ಲಗ್‌ನಾ’ ಇವೆ. ‘ನನ್ನ ಮ್ಯಾಲ ಸಿಟ್ಟು’ ಎಂಬಲ್ಲಿನ ‘ಮ್ಯಾಲ’ ಮರಾಠಿಯಲ್ಲಿ ‘ವರ್’, ಉರ್ದುವಿನಲ್ಲಿ ‘ಪರ್’. ಪದ ಬದಲಾಗುತ್ತದೆ, ಅಚ್ಚು ಬದಲಾಗುವುದಿಲ್ಲ.

ಇದು ಬರೀ ಊಹೆಯಲ್ಲ. ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳ ಬಳಕೆಯನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿದರು. 1971ರಲ್ಲಿ ಪ್ರಕಟವಾದ ಅವರ ಪ್ರಬಂಧ ಭಾಷಾಶಾಸ್ತ್ರದಲ್ಲಿ ಹೆಸರುವಾಸಿ. ಶತಮಾನಗಳ ಒಡನಾಟದಿಂದ ಅಲ್ಲಿನ ಮಾತುಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದಿತ್ತು. ಕುಪವಾಡ ಕಲಬುರಗಿ ಜಿಲ್ಲೆಯಿಂದ ದೂರ. ಆದರೂ ಗಡಿಯ ಈ ಬದಿಯ ಅನುಭವವನ್ನು ಅದು ಚೆನ್ನಾಗಿ ವಿವರಿಸುತ್ತದೆ. ಪದಕ್ಕೆ ಪದ ಇಡುವ ಜಾಣತನ ಹುಡುಗನಿಗೆ ಮೂರು ಭಾಷೆಗಳನ್ನು ಗಳಿಸಿಕೊಟ್ಟಿದೆ. ಅದನ್ನೇ ಇಂಗ್ಲಿಷಿಗೂ ಬಳಸಿ ‘ಆ್ಯಂಗ್ರಿ ಆನ್ ಮಿ’ ಎನ್ನುತ್ತಾನೆ. ಇಂಗ್ಲಿಷ್ ಅಲ್ಲಿ ‘ವಿತ್’ ಕೇಳುತ್ತದೆ.

ತೊಡಕು ಹೆಚ್ಚುವುದು ಈ ಸಣ್ಣ ಪದಗಳಲ್ಲಿ. ಕನ್ನಡದ ‘ಅಲ್ಲಿ’ ಎಂಬ ಒಂದೇ ಪ್ರತ್ಯಯವನ್ನು ಇಂಗ್ಲಿಷ್ ಮೂರಾಗಿ ಸೀಳುತ್ತದೆ. ಅಫಜಲಪುರದಲ್ಲಿ ಎಂದರೆ ‘ಇನ್’, ಗಾಣಗಾಪುರ ರಸ್ತೆಯಲ್ಲಿ ಎಂದರೆ ‘ಆನ್’, ಬಸ್ ನಿಲ್ದಾಣದಲ್ಲಿ ಎಂದರೆ ‘ಅಟ್’. ಒಳಗೆ ಸೇರಿಸಿಕೊಳ್ಳುವ ಜಾಗ, ಮೇಲೆ ಹರಡಿದ ಜಾಗ, ಬರೀ ಒಂದು ಗುರುತು ಎಂಬ ವಿಂಗಡಣೆ ಇದರ ಹಿಂದಿದೆ. ಆದರೆ ಕಾರಿನಲ್ಲಿ ಕುಳಿತವನಿಗೆ ‘ಇನ್’, ಬಸ್ಸಿನಲ್ಲಿ ಕುಳಿತವನಿಗೆ ‘ಆನ್’ ಎನ್ನುವಾಗ ತರ್ಕ ಕೈಕೊಡುತ್ತದೆ. ‘ಇಂದ’ದ ಪಾಡೂ ಇದೇ. ಜ್ವರದಿಂದ ನರಳುವವನು ‘ಸಫರ್ ಫ್ರಮ್’, ಜ್ವರದಿಂದ ಸತ್ತವನು ‘ಡೈ ಆಫ್’. ಸೋಮವಾರದಿಂದ ಎಂಬುದಕ್ಕೆ ‘ಸಿನ್ಸ್’, ಮೂರು ವರ್ಷದಿಂದ ಎಂಬುದಕ್ಕೆ ‘ಫಾರ್’. ಊರು ಮುಟ್ಟಿದೆ ಎನ್ನಲು ‘ರೀಚ್’ ಬಳಸಿದರೆ ಮುಂದೆ ಏನೂ ಬೇಡ. ‘ಅರೈವ್’ ಬಳಸಿದರೆ ‘ಇನ್’ ಅಥವಾ ‘ಅಟ್’ ಬೇಕು. ‘ಕಮ್’ ಆದರೆ ‘ಟು’. ‘ಡಿಸ್ಕಸ್’ ಎಂಬುದು ತನ್ನ ಮುಂದೆ ‘ಅಬೌಟ್’ ಅನ್ನು ಸಹಿಸುವುದೇ ಇಲ್ಲ, ಅನೇಕ ಭಾರತೀಯರು ಅದನ್ನು ಬಿಡದಿದ್ದರೂ!

ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ನಾಮಪದದ ಕೊನೆಗೆ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಸವೆದು ಉದುರಿದಂತೆ ಅವುಗಳ ಹೊರೆಯನ್ನು ಬಹುಮಟ್ಟಿಗೆ ಈ ಪುಟ್ಟ ಪದಗಳೂ ಪದಗಳ ಕ್ರಮವೂ ಹೊತ್ತವು. ಯಾವ ಕ್ರಿಯಾಪದಕ್ಕೆ ಯಾವುದು ಜೊತೆ ಎಂಬುದು ರೂಢಿಯಿಂದ ನಿಂತ ಮಾತು. ಆದ್ದರಿಂದ ‘ಅಲ್ಲಿ ಎಂದರೆ ಇನ್, ಮೇಲೆ ಎಂದರೆ ಆನ್’ ಎಂದು ಪಟ್ಟಿ ಬಾಯಿಪಾಠ ಮಾಡಿಸುವ ಕ್ರಮ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ.

ಈ ಕಷ್ಟ ಕನ್ನಡಿಗರದ್ದಷ್ಟೇ ಅಲ್ಲ. ಜಪಾನೀ ಭಾಷೆಯಲ್ಲೂ ಸಂಬಂಧ ಸೂಚಿಸುವ ಪದ ನಾಮಪದದ ಹಿಂದೆಯೇ ಬರುತ್ತದೆ, ಕ್ರಿಯಾಪದ ವಾಕ್ಯದ ಕೊನೆಗೆ ನಿಲ್ಲುತ್ತದೆ. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ತನ್ನ ಸಂಗಡಿಗರೊಡನೆ ಕಲಿಯುವವರಿಗೆಂದೇ ಒಂದು ನಿಘಂಟು ಸಿದ್ಧಪಡಿಸಿದ. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಅದು 1948ರಲ್ಲಿ ಆಕ್ಸ್‌ಫರ್ಡ್ ಮುದ್ರೆಯೊಡನೆ ಹೊರಬಂದು ಲೋಕಪ್ರಸಿದ್ಧವಾಯಿತು. ಪದದ ಅರ್ಥ ಕೊಟ್ಟು ಸುಮ್ಮನಾಗದೆ, ಕ್ರಿಯಾಪದ ಯಾವ ಬಗೆಯ ವಾಕ್ಯದಲ್ಲಿ ಕೂರುತ್ತದೆ ಎಂದು ತೋರಿಸಿದ್ದು ಅದರ ಹೆಚ್ಚುಗಾರಿಕೆ. ಶಾಲೆಯ ಕಪಾಟಿನಲ್ಲಿ ಆ ವಂಶದ ನಿಘಂಟೊಂದಿದ್ದರೆ, ಬೀಗ ತೆಗೆದು ಮಕ್ಕಳ ಕೈಗೆ ಕೊಡುವುದು ಒಳ್ಳೆಯದು.

ಕನ್ನಡದಲ್ಲೂ ಕ್ರಿಯಾಪದ ತನ್ನ ವಿಭಕ್ತಿಯನ್ನು ತಾನೇ ಆರಿಸುತ್ತದೆ. ನಾಯಿಗೆ ಅಂಜುತ್ತಾರೆ, ನಾಯಿಯನ್ನು ಹೊಡೆಯುತ್ತಾರೆ. ಇದನ್ನು ಯಾವ ತಾಯಿಯೂ ಮಗುವಿಗೆ ನಿಯಮವಾಗಿ ಹೇಳಿಕೊಟ್ಟಿಲ್ಲ. ‘ಗೆ’ ಮತ್ತು ‘ಅಂಜು’ ಒಟ್ಟಿಗೇ ಕಿವಿಗೆ ಬಿದ್ದಿವೆ. ‘ಅಫ್ರೇಡ್ ಆಫ್’ ಕೂಡ ಒಂದೇ ಪದವೆಂಬಂತೆ ಕಿವಿಗೆ ಬೀಳಬೇಕು.

ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿತು. 2009ರಲ್ಲಿ ಕರ್ನಾಟಕದ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ನೆಲೆ ಆಳಂದ ತಾಲ್ಲೂಕಿನದೇ ಆದ ಕಡಗಂಚಿ. ಊರ ಪಕ್ಕದ ಆ ತರಗತಿಗೆ ಹೊಕ್ಕ ಹಳ್ಳಿಯ ಹುಡುಗಿ, ವಿಷಯವೆಲ್ಲ ಗೊತ್ತಿದ್ದೂ, ‘ಆನ್’ ಸರಿಯೋ ‘ವಿತ್’ ಸರಿಯೋ ಎಂಬ ಅಳುಕಿಗೆ ಬಾಯಿ ಮುಚ್ಚಿ ಕೂತರೆ ಅದು ದೊಡ್ಡ ನಷ್ಟ. ಅವಳ ಎಲ್ಲ ಅಚ್ಚುಗಳೂ ತಪ್ಪಲ್ಲ. ‘ತೊಗರಿ ನಿಂತದ್ದೇ ಮಳಿ ಮ್ಯಾಲ’ ಎಂದು ಮನೆಯಲ್ಲಿ ಹೇಳಿದ್ದನ್ನು ತರಗತಿಯಲ್ಲಿ ‘ಡಿಪೆಂಡ್ಸ್ ಆನ್ ರೇನ್’ ಎಂದು ಧೈರ್ಯವಾಗಿ ಹೇಳಬಹುದು. ಅಲ್ಲಿ ‘ಮ್ಯಾಲ’ ಇದ್ದ ಕಡೆ ಇಂಗ್ಲಿಷಿನಲ್ಲೂ ‘ಆನ್’ ಇದೆ.