ಎಳೆಯ ತೋಳು, ವೇಗದ ಎಸೆತ: ಶಾಲಾ ಸಾಫ್ಟ್‌ಬಾಲ್ ಮತ್ತು ಕ್ರಿಕೆಟ್‌ನಲ್ಲಿ ಗಾಯದ ಲೆಕ್ಕ

ಶಾಲಾ ಕ್ರೀಡಾಕೂಟಗಳ ಋತು ಆರಂಭವಾದೊಡನೆ ಹಲವು ಸಾಫ್ಟ್‌ಬಾಲ್ ತಂಡಗಳ ಭಾರವೆಲ್ಲ ಒಬ್ಬಳೇ ಬಾಲಕಿಯ ತೋಳಿನ ಮೇಲೆ ಬೀಳುತ್ತದೆ. ವೇಗವಾಗಿ ಚೆಂಡೆಸೆಯಬಲ್ಲ ಪಿಚರ್ ಒಬ್ಬಳು ಸಿಕ್ಕರೆ ಬೆಳಗಿನ ಪಂದ್ಯವನ್ನೂ ಮಧ್ಯಾಹ್ನದ ಪಂದ್ಯವನ್ನೂ ಅವಳೇ ಆಡಿಸಿಕೊಡಬೇಕಾಗುತ್ತದೆ. ಶರಣಸಿರಸಗಿಯಂತಹ ನಗರದಂಚಿನ ಊರುಗಳಲ್ಲಿ ರಜಾದಿನಗಳಂದು ನಡೆಯುವ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅಲ್ಲಿ ಭಾರ ಹೊರುವವನು ಹದಿನಾಲ್ಕು ಹದಿನೈದರ ವೇಗದ ಬೌಲರ್. ಇಂತಹ ಮಕ್ಕಳು ನೋವನ್ನು ಹೇಳಿಕೊಳ್ಳುವುದು ಅಪರೂಪ. ಹೇಳಿದರೆ ತಂಡದಿಂದ ಕೈಬಿಡುತ್ತಾರೆಂಬ ಅಂಜಿಕೆ ಒಂದೆಡೆ, ಜಿಲ್ಲಾ ಮಟ್ಟದ ಪ್ರಮಾಣಪತ್ರವೂ ಕ್ರೀಡಾ ಕೋಟಾದ ಸೀಟೂ ಕೈತಪ್ಪುತ್ತವೆಂಬ ಚಿಂತೆ ಇನ್ನೊಂದೆಡೆ. ಆದಕಾರಣ ಎಸೆತದ ವೇಗಕ್ಕೂ ಗಾಯಕ್ಕೂ ಇರುವ ಸಂಬಂಧವನ್ನು ಪೋಷಕರು, ದೈಹಿಕ ಶಿಕ್ಷಣ ಶಿಕ್ಷಕರು ಹಾಗೂ ಮೈದಾನಗಳನ್ನು ನಿರ್ವಹಿಸುವ ಗ್ರಾಮ ಪಂಚಾಯಿತಿಗಳು ತಿಳಿದಿರುವುದು ಅವಶ್ಯ.

ಸಾಫ್ಟ್‌ಬಾಲ್‌ನಲ್ಲಿ ಚೆಂಡನ್ನು ಸೊಂಟದ ಕೆಳಗಿನಿಂದ ಎಸೆಯಲಾಗುತ್ತದೆ. ತೋಳು ಗಾಳಿಯಂತ್ರದ ರೆಕ್ಕೆಯಂತೆ ಪೂರ್ಣ ಸುತ್ತು ಬಂದು ತೊಡೆಯ ಬಳಿ ಚೆಂಡನ್ನು ಬಿಡುತ್ತದೆ. ಕೆಳಗಿನಿಂದ ಎಸೆಯುವುದು ಸಹಜ ಚಲನೆ, ಎಷ್ಟು ಎಸೆದರೂ ತೋಳಿಗೆ ಅಪಾಯವಿಲ್ಲ ಎಂಬ ನಂಬಿಕೆ ಬಹುಕಾಲದಿಂದ ಉಳಿದುಬಂದಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮಕ್ಕಳ ಎಸೆತಗಳನ್ನು ಒಂದೊಂದಾಗಿ ಎಣಿಸುವ ನಿಯಮ ಬಂದ ಮೇಲೂ ಸಾಫ್ಟ್‌ಬಾಲ್‌ನಲ್ಲಿ ಅಂತಹ ಎಣಿಕೆ ಬಲವಾಗಿ ಬೇರೂರದಿರುವುದಕ್ಕೆ ಈ ನಂಬಿಕೆಯೂ ಒಂದು ಕಾರಣ. ಆದರೆ ಪ್ರಯೋಗಾಲಯಗಳಲ್ಲಿ ಅಳೆದಾಗ ಕಂಡದ್ದು ಬೇರೆ. ಈ ಸುತ್ತು ಎಸೆತದಲ್ಲಿ ತೋಳನ್ನು ಭುಜದ ಕೀಲಿನಿಂದ ಹೊರಕ್ಕೆ ಸೆಳೆಯುವ ಬಲ ಆಟಗಾರ್ತಿಯ ದೇಹದ ತೂಕದ ಹತ್ತಿರಕ್ಕೆ ಬರುತ್ತದೆ. ಆ ಸೆಳೆತವನ್ನು ತಡೆದು ಹಿಡಿಯುವ ಕೆಲಸದಲ್ಲಿ ತೋಳಿನ ಮುಂಭಾಗದ ಸ್ನಾಯು ಮೇಲಿನಿಂದ ಎಸೆಯುವಾಗಿಗಿಂತಲೂ ಹೆಚ್ಚು ದುಡಿಯುತ್ತದೆ. ಸಾಫ್ಟ್‌ಬಾಲ್ ಪಿಚರ್‌ಗಳಲ್ಲಿ ಭುಜದ ಮುಂಭಾಗದ ನೋವು ಅಷ್ಟೊಂದು ಸಾಮಾನ್ಯವಾಗಿರುವುದು ಇದರಿಂದಲೇ.

ವೇಗ ಹೆಚ್ಚಿದಂತೆ ಈ ಸೆಳೆತ ಹೇಗೆ ಏರುತ್ತದೆ ಎಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಅಂದಾಜು ಮಾಡಬಹುದು. ಸಾಫ್ಟ್‌ಬಾಲ್ ಚೆಂಡಿನ ತೂಕ 178ರಿಂದ 198 ಗ್ರಾಂ. 190 ಗ್ರಾಂನ ಚೆಂಡನ್ನು 60 ಸೆಂ.ಮೀ. ಉದ್ದದ ತೋಳು ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುತ್ತಿಸುವಾಗ ಆ ಚೆಂಡೊಂದೇ ಕೈಯನ್ನು ಸುಮಾರು 9 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ವೇಗ 80 ಕಿ.ಮೀ.ಗೆ ಏರಿದರೆ ಎಳೆತ 16 ಕಿಲೋ ಮುಟ್ಟುತ್ತದೆ. ವೇಗ ಮೂರನೇ ಒಂದು ಪಾಲು ಹೆಚ್ಚಿತು, ಎಳೆತವಾದರೋ ಮುಕ್ಕಾಲು ಪಾಲಿಗೂ ಮಿಗಿಲಾಗಿ ಹೆಚ್ಚಿತು. ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ ಹೀಗಾಗುತ್ತದೆ. ಸುತ್ತುತ್ತಿರುವ ತೋಳಿನ ಸ್ವಂತ ತೂಕ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ವೇಗ ಅಳೆದು ಹತ್ತು ಕಿ.ಮೀ. ಏರಿಸಲು ಹಟ ಹಿಡಿಯುವ ಹುಡುಗರಿಗೆ ಈ ಒಂದು ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದರೆ ವಿಜ್ಞಾನದ ಪಾಠವೂ ಆದೀತು.

ಬೆಳೆಯುವ ದೇಹಕ್ಕೆ ಇದು ಏಕೆ ಹೆಚ್ಚು ಅಪಾಯಕಾರಿ? ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಈ ಬೆಳವಣಿಗೆ ಫಲಕದಿಂದಲೇ. ವಯಸ್ಕರಲ್ಲಿ ಸ್ನಾಯು ಅಥವಾ ಸ್ನಾಯುರಜ್ಜು ಮೊದಲು ಸೋಲುತ್ತದೆ. ಮಕ್ಕಳಲ್ಲಿ ಅದಕ್ಕೂ ಮುನ್ನ ಈ ಮೆದು ಫಲಕವೇ ಸೋಲುವುದುಂಟು. ಭುಜದಲ್ಲಿ ಮತ್ತು ಮೊಣಕೈಯಲ್ಲಿ ಮತ್ತೆ ಮತ್ತೆ ಎಳೆತಕ್ಕೆ ಸಿಕ್ಕ ಫಲಕ ಉಬ್ಬಿಕೊಂಡು ಅಗಲವಾಗುತ್ತದೆ. ಹುಡುಗಿಯರು ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ, ಹುಡುಗರು ಸುಮಾರು ಹದಿನಾಲ್ಕರಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಮೂಳೆ ಆಗ ಮುಂದೆ ಓಡುತ್ತದೆ, ಸ್ನಾಯುವಿನ ಬಲ ಹಿಂದೆ ಉಳಿಯುತ್ತದೆ. 14 ವರ್ಷದೊಳಗಿನವರ ಶಾಲಾ ತಂಡಗಳ ಆಯ್ಕೆ ನಡೆಯುವುದೂ ಇದೇ ಹೊತ್ತಿನಲ್ಲಿ. ವಯೋಮಿತಿ ಪಂದ್ಯಗಳಲ್ಲಿ ವಯಸ್ಸು ಪರಿಶೀಲಿಸಲು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ಮಕ್ಕಳ ಮಣಿಕಟ್ಟಿನ ಎಕ್ಸ್-ರೇ ತೆಗೆಸುತ್ತದೆ. ಅಲ್ಲಿ ನೋಡುವುದು ಇಂತಹ ಫಲಕಗಳನ್ನೇ. ವಯಸ್ಸಿನ ವಂಚನೆ ಹಿಡಿಯಲು ತೋರುವ ಈ ಶ್ರದ್ಧೆ ಫಲಕದ ರಕ್ಷಣೆಗೂ ಸಲ್ಲಬೇಕಲ್ಲವೇ?

ಕ್ರಿಕೆಟ್‌ನ ವೇಗದ ಬೌಲಿಂಗ್‌ನಲ್ಲಿ ಪೆಟ್ಟು ಹೆಚ್ಚಾಗಿ ಬೀಳುವುದು ಸೊಂಟದ ಮೇಲೆ. ಓಡಿಬಂದು ಮುಂಗಾಲು ಊರಿದ ಕ್ಷಣದಲ್ಲಿ ನೆಲದಿಂದ ದೇಹದ ತೂಕದ ಹಲವು ಪಟ್ಟು ಬಲ ಮೇಲೇರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಬಾಗಿ, ತಿರುಚಿ, ಒಂದು ಪಕ್ಕಕ್ಕೆ ವಾಲಿರುತ್ತದೆ. ಸೊಂಟದ ಕೆಳಗಿನ ಕಶೇರುಗಳಲ್ಲಿ ಇದರಿಂದ ಕೂದಲೆಳೆಯ ಬಿರುಕು ಮೂಡಬಹುದು. ಬಲಗೈ ಬೌಲರ್‌ಗೆ ಅದು ಸಾಮಾನ್ಯವಾಗಿ ಎಡಪಕ್ಕದಲ್ಲಿ ಕಾಣಿಸುತ್ತದೆ. ಕರ್ನಾಟಕದ ವೇಗಿ ಪ್ರಸಿದ್ಧ್ ಕೃಷ್ಣ ಇಂತಹ ಬೆನ್ನುಮೂಳೆಯ ಬಿರುಕಿನಿಂದಾಗಿಯೇ 2023ರ ಐಪಿಎಲ್‌ನಿಂದ ಹೊರಗುಳಿದರು. ಮೈಸೂರಿನ ಜಾವಗಲ್ ಶ್ರೀನಾಥ್ ಅವರನ್ನು 1997ರಲ್ಲಿ ಕಾಡಿದ್ದು ಭುಜ. ಶಸ್ತ್ರಚಿಕಿತ್ಸೆಯ ನಂತರ ಅವರು ಮರಳಿ ಬಂದು 2003ರ ವಿಶ್ವಕಪ್‌ವರೆಗೂ ಆಡಿದರು. ಅವರಿಬ್ಬರಿಗೂ ನುರಿತ ತಜ್ಞರ ಆರೈಕೆ ದೊರೆಯಿತು. ಹಳ್ಳಿಯ ಬಾಲಕನಿಗೆ ದೊರೆಯುವುದು ಹೆಚ್ಚೆಂದರೆ ನೋವಿನ ಮುಲಾಮು ಮತ್ತು ಎರಡು ಮಾತ್ರೆ.

ವೇಗವೊಂದೇ ಅಪರಾಧಿಯಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಭುಜ ಅಥವಾ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದ ಬೇಸ್‌ಬಾಲ್ ಹುಡುಗರನ್ನು ಗಾಯವಿಲ್ಲದ ಹುಡುಗರೊಂದಿಗೆ ಹೋಲಿಸಿತು. ಗಂಟೆಗೆ ಸುಮಾರು 137 ಕಿ.ಮೀ. ಮೀರಿ ಎಸೆಯುತ್ತಿದ್ದವರಿಗೆ ಶಸ್ತ್ರಚಿಕಿತ್ಸೆಯ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ಪಂದ್ಯವೊಂದಕ್ಕೆ ಸರಾಸರಿ 80ಕ್ಕಿಂತ ಹೆಚ್ಚು ಎಸೆತ ಹಾಕುತ್ತಿದ್ದವರಿಗೆ ಅದು ನಾಲ್ಕು ಪಟ್ಟು, ವರ್ಷದಲ್ಲಿ ಎಂಟು ತಿಂಗಳು ಮೀರಿ ಸ್ಪರ್ಧೆಯಲ್ಲಿದ್ದವರಿಗೆ ಐದು ಪಟ್ಟು. ತೋಳು ದಣಿದ ಮೇಲೂ ಎಸೆಯುವುದನ್ನೇ ರೂಢಿ ಮಾಡಿಕೊಂಡವರಲ್ಲಿ ಮಾತ್ರ ಅದು 36 ಪಟ್ಟು. ಇವು ಬೇಸ್‌ಬಾಲ್‌ನ ಅಂಕಿಗಳು, ಹಾಗೆಯೇ ನಮ್ಮ ಸಾಫ್ಟ್‌ಬಾಲ್ ಬಾಲಕಿಯರಿಗೆ ಅನ್ವಯಿಸಲಾಗದು. ಆದರೂ ದಣಿವು ವೇಗಕ್ಕಿಂತ ಎಷ್ಟು ದೊಡ್ಡ ಶತ್ರು ಎಂಬ ಸೂಚನೆ ಇಲ್ಲಿ ನಿಚ್ಚಳವಾಗಿದೆ.

ದಣಿವಿನ ಪರಿಣಾಮವನ್ನು ಬಾರುಕೋಲಿನಿಂದ ತಿಳಿಯಬಹುದು. ಅದರ ತುದಿಯ ವೇಗ ಹುಟ್ಟುವುದು ಹಿಡಿಕೆಯಲ್ಲಿ. ಎಸೆತದಲ್ಲಿಯೂ ಬಲ ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಹರಿದು ಕೊನೆಗೆ ಬೆರಳ ತುದಿಗೆ ಬರುತ್ತದೆ. ಕಾಲು ಸೋತಾಗ ಅದೇ ವೇಗವನ್ನು ಉಳಿಸಿಕೊಳ್ಳಲು ಭುಜವೊಂದೇ ದುಡಿಯಬೇಕಾಗುತ್ತದೆ. ಪಂದ್ಯದ ಕೊನೆಯಲ್ಲಿ ಹೆಜ್ಜೆ ಗಿಡ್ಡವಾಗುವುದು, ಚೆಂಡು ಗುರಿ ತಪ್ಪಿ ಮೇಲೇರುವುದು, ಎಸೆದ ಮೇಲೆ ಭುಜ ಒತ್ತಿಕೊಳ್ಳುವುದು ಶಿಕ್ಷಕರ ಕಣ್ಣಿಗೆ ಬೀಳಲೇಬೇಕಾದ ಲಕ್ಷಣಗಳು.

ಎಣಿಕೆಯ ಮಾದರಿಗಳು ಈಗಾಗಲೇ ಇವೆ. ಅಮೆರಿಕದ ಬೇಸ್‌ಬಾಲ್ ಮಾರ್ಗಸೂಚಿಯಲ್ಲಿ 11–12 ವರ್ಷದವರಿಗೆ ದಿನಕ್ಕೆ 85, 13ರಿಂದ 16 ವರ್ಷದವರಿಗೆ 95 ಎಸೆತಗಳ ಮಿತಿಯಿದೆ. 14 ವರ್ಷದೊಳಗಿನವರು 66 ಎಸೆತ ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ಪ್ರಚಲಿತ ಮಾರ್ಗಸೂಚಿಯು 13 ವರ್ಷದೊಳಗಿನ ವೇಗಿಗೆ ಒಂದು ಸರದಿಗೆ 5 ಓವರ್, ದಿನಕ್ಕೆ 10 ಓವರ್ ಎನ್ನುತ್ತದೆ. 15 ವರ್ಷದೊಳಗಿನವರಿಗೆ 6 ಮತ್ತು 12. ಸತತ ಎರಡು ದಿನಕ್ಕಿಂತ ಹೆಚ್ಚು ಬೌಲಿಂಗ್ ಅಲ್ಲಿ ಸಲ್ಲದು. ಏಳು ಇನ್ನಿಂಗ್ಸ್‌ನ ಎರಡು ಸಾಫ್ಟ್‌ಬಾಲ್ ಪಂದ್ಯಗಳನ್ನು ಒಂದೇ ದಿನ ಒಬ್ಬಳೇ ಎಸೆದರೆ ಎಣಿಕೆ ಇನ್ನೂರರ ಸಮೀಪಕ್ಕೆ ಹೋಗುತ್ತದೆ. ಅಭ್ಯಾಸದ ಎಸೆತಗಳು ಪ್ರತ್ಯೇಕ. ಪ್ರತಿ ತಂಡದಲ್ಲಿ ಕನಿಷ್ಠ ಮೂವರು ಪಿಚರ್‌ಗಳನ್ನು ತಯಾರು ಮಾಡುವುದು ಇದಕ್ಕೆ ಅತಿ ಅಗ್ಗದ ಪರಿಹಾರ.

ಚೆಂಡಿನ ಬದಲಾವಣೆಯನ್ನು ಯಾರೂ ಗಮನಿಸುವುದಿಲ್ಲ. ಟೆನಿಸ್ ಚೆಂಡು 58 ಗ್ರಾಂ ಆಸುಪಾಸಿನದು. ಕ್ರಿಕೆಟ್‌ನ ಚರ್ಮದ ಚೆಂಡು 156ರಿಂದ 163 ಗ್ರಾಂ. ವರ್ಷವಿಡೀ ಟೆನಿಸ್ ಚೆಂಡಿನಲ್ಲಿ ಆಡಿದ ಬಾಲಕ ಕಲಬುರಗಿಯಲ್ಲಿ ಆಯ್ಕೆಗೆಂದು ಬಂದು ಸುಮಾರು ಮೂರು ಪಟ್ಟು ತೂಕದ ಚೆಂಡನ್ನು ಒಂದೇ ದಿನ ಪೂರ್ಣ ವೇಗದಲ್ಲಿ ಎಸೆಯುತ್ತಾನೆ. ಆಯ್ಕೆಗೆ ನಾಲ್ಕೈದು ವಾರ ಮುಂಚಿನಿಂದಲೇ ಭಾರದ ಚೆಂಡನ್ನು ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು.

ಸಾಫ್ಟ್‌ಬಾಲ್‌ನ ವೇಗದಲ್ಲಿ ಇನ್ನೊಂದು ಅಪಾಯವೂ ಇದೆ. ಮಹಿಳೆಯರ ಆಟದಲ್ಲಿ ಎಸೆಯುವ ದೂರ 13.11 ಮೀಟರ್. ಹೆಜ್ಜೆ ಮುಂದಿಟ್ಟು ಎಸೆದ ಪಿಚರ್ ಬ್ಯಾಟರ್‌ನಿಂದ ಹನ್ನೊಂದೂವರೆ ಮೀಟರ್ ದೂರದಲ್ಲಿ, ಸಮತೋಲ ತಪ್ಪಿದ ಭಂಗಿಯಲ್ಲಿರುತ್ತಾಳೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ನೇರ ಮರಳುವ ಚೆಂಡು ಅವಳನ್ನು ಮುಟ್ಟಲು 0.4 ಸೆಕೆಂಡ್ ಸಾಕು. ಕ್ಯಾಚರ್‌ಗೆ ಮುಖರಕ್ಷಕ ಕೊಡುವ ಶಾಲೆಗಳು ಪಿಚರ್‌ಗೂ ಒಂದನ್ನು ಖರೀದಿಸಬೇಕು.

ಮೈದಾನದ ವಿಷಯ ನೇರವಾಗಿ ಗ್ರಾಮ ಪಂಚಾಯಿತಿಗಳಿಗೆ ಸೇರಿದ್ದು. ಈ ಭಾಗದ ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಕಾಲಿಗೆ ಅಂಟುತ್ತದೆ. ಇದರಿಂದ ಬೇಸತ್ತು ಹಲವೆಡೆ ಸಿಮೆಂಟ್ ಪಿಚ್ ಹಾಕಲಾಗುತ್ತದೆ. ಚೆಂಡು ಪುಟಿಯಲು ಅದು ಸೂಕ್ತ. ಮುಂಗಾಲು ಊರಲು ಅದು ಅತಿ ಗಡಸು. ಅಂದಾಜು ಪಟ್ಟಿ ತಯಾರಿಸುವಾಗಲೇ ಬೌಲರ್ ಕಾಲೂರುವ ಎರಡೂ ತುದಿಗಳಲ್ಲಿ ಕಾಂಕ್ರೀಟ್ ಬಿಟ್ಟು, ಮುರುಮ್ ಹಾಗೂ ಮಣ್ಣನ್ನು ಬೆರೆಸಿ ಹದವಾಗಿ ತುಳಿಸಿದ ಜಾಗ ಉಳಿಸಿದರೆ ಖರ್ಚು ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ. ಕಾಲೂರುವ ಗುಂಡಿಯನ್ನು ಪ್ರತಿ ಪಂದ್ಯದ ಮುನ್ನ ಮುಚ್ಚಬೇಕು.

ಶಾಲೆಗಳು ಎಸೆತಗಳ ಎಣಿಕೆಯನ್ನು ಹಾಜರಿ ಪುಸ್ತಕದಂತೆ ಒಂದು ವಹಿಯಲ್ಲಿ ಬರೆದಿಡಬಹುದು. ಅಂಕ ಬರೆಯುವ ವಿದ್ಯಾರ್ಥಿಯೇ ಇದನ್ನೂ ಮಾಡಬಲ್ಲ. ಮೂರು ತಿಂಗಳಿಗೊಮ್ಮೆ ಎತ್ತರವನ್ನು ಅದರ ಪಕ್ಕದಲ್ಲೇ ದಾಖಲಿಸಿ, ಎತ್ತರ ಥಟ್ಟನೆ ಏರಿದ ಮಗುವಿನ ಎಸೆತಗಳನ್ನು ಕೆಲವು ತಿಂಗಳು ಕಡಿತಗೊಳಿಸಬೇಕು. ಎಸೆಯುವಾಗ ಭುಜ ಅಥವಾ ಮೊಣಕೈ ನೋಯುತ್ತಿದ್ದರೆ, ಹಿಂದಕ್ಕೆ ಬಾಗಿದಾಗ ಸೊಂಟದ ಒಂದೇ ಪಕ್ಕ ನೋಯುತ್ತಿದ್ದರೆ, ಎರಡು ವಾರ ಕಳೆದರೂ ಅದು ಇಳಿಯದಿದ್ದರೆ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕರೆದೊಯ್ಯಬೇಕು. ಆರಂಭದ ಬಿರುಕು ಸಾಮಾನ್ಯ ಎಕ್ಸ್-ರೇಯಲ್ಲಿ ಕಾಣದಿರಬಹುದು. ಎಕ್ಸ್-ರೇ ಸರಿಯಿದೆಯೆಂದು ಮರುದಿನವೇ ಬೌಲಿಂಗ್‌ಗೆ ಇಳಿಸದೆ ವೈದ್ಯರು ಹೇಳಿದಷ್ಟು ವಾರ ಕಾಯಬೇಕು. ಆ ಅವಧಿಯಲ್ಲಿ ಮಗುವಿನ ಹೆಸರನ್ನು ತಂಡದ ಪಟ್ಟಿಯಿಂದ ತೆಗೆಯದೆ, ಬ್ಯಾಟರ್ ಆಗಿ ಅಥವಾ ಅಂಕ ಬರೆಯುವವರಾಗಿ ಉಳಿಸಿಕೊಂಡರೆ ಮುಂದಿನ ಬಾರಿ ನೋವನ್ನು ಮುಚ್ಚಿಡುವ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತದೆ.